ಮಂಡಿಯೂರಿ ನೋಡುವ ದ್ರಾಕ್ಷಿ



ದ್ರಾಕ್ಷಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಚಪ್ಪರ. ಕಲ್ಲುಕಂಬ, ತಂತಿ, ಮೇಲೆ ಹಬ್ಬಿದ ಬಳ್ಳಿ, ಕೆಳಗೆ ನಡೆದರೆ ತಲೆಗೆ ತಾಗುವ ಗೊಂಚಲು. ಗ್ರೀಸ್ ದೇಶದ ಸಾಂಟೊರಿನಿ ದ್ವೀಪದಲ್ಲಿ ಮಾತ್ರ ದ್ರಾಕ್ಷಿ ನೋಡಬೇಕಾದವನು ಮಂಡಿಯೂರಬೇಕು. ಅಲ್ಲಿ ಬಳ್ಳಿ ಮೇಲಕ್ಕೆ ಏಳುವುದೇ ಇಲ್ಲ. ನೆಲದ ಮೇಲೆ ಯಾರೋ ಮರೆತು ಹೋದ ಬುಟ್ಟಿಯಂತೆ ಸುತ್ತಿಕೊಂಡು ಕೂತಿರುತ್ತದೆ. ಗೊಂಚಲು ಆ ಬುಟ್ಟಿಯೊಳಗೆ ಇರುತ್ತದೆ.

ಸಂತ ಪೌಲರು ಬೋಧಿಸಿದ ಅಥೆನ್ಸ್, ಕೊರಿಂಥ ಮುಂತಾದ ಊರುಗಳ ಯಾತ್ರೆಗೆಂದು 2024ರ ಆಗಸ್ಟ್‌ನಲ್ಲಿ ನಾವು ಹದಿನೆಂಟು ಜನ ಹೋಗಿದ್ದೆವು. ಹೊಸೂರು, ಮಡಕಶಿರಾ, ಜತ್ತ, ಹೀಗೆ ಗಡಿಯಾಚೆಯ ಬೇರೆ ಬೇರೆ ಧರ್ಮಕೇಂದ್ರಗಳವರು. ಯಾತ್ರೆಯ ಕೊನೆಗೆ ಎರಡು ದಿನ ಬಿಡುವಿತ್ತು. ಪಿರೇಯಸ್ ಬಂದರಿನಿಂದ ಹಡಗು ಹತ್ತಿ ಸಾಂಟೊರಿನಿಗೆ ಹೋದೆವು. ನೀಲಿ ಗುಮ್ಮಟ, ಬಿಳಿ ಮನೆ, ಸೂರ್ಯಾಸ್ತ, ಇದೆಲ್ಲ ನೀವು ಕ್ಯಾಲೆಂಡರಿನಲ್ಲಿ ನೋಡಿದ್ದೀರಿ. ಅದರ ಬಗ್ಗೆ ಬರೆಯುವುದಿಲ್ಲ. ಆ ದ್ವೀಪದ ಸಣ್ಣ ಸಣ್ಣ ದ್ರಾಕ್ಷಾರಸದ ಮನೆಗಳಲ್ಲಿ ಕಳೆದ ಒಂದೂವರೆ ದಿನದ ಬಗ್ಗೆ ಈ ಸಲ ಬರೆಯುತ್ತೇವೆ. ‘ಗುರುಗಳು ಯಾತ್ರೆಗೆ ಹೋಗಿ ವೈನ್ ಕುಡಿದು ಬಂದರಂತೆ’ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಅಡ್ಡಿಯಿಲ್ಲ.

ನಮ್ಮ ಗುಂಪಿನಲ್ಲಿ ಜತ್ತದ ಕಡೆಯ ರೈತರೊಬ್ಬರಿದ್ದರು. ಎಲ್ಲರೂ ಅವರನ್ನು ‘ಕಾಕಾ’ ಎನ್ನುತ್ತಿದ್ದೆವು. ಮೂರು ಎಕರೆ ದ್ರಾಕ್ಷಿ, ಒಣದ್ರಾಕ್ಷಿ ಮಾಡುವ ಶೆಡ್ಡು, ಮೂವತ್ತು ವರ್ಷದ ಅನುಭವ. ಅಥೆನ್ಸಿನಲ್ಲಿ ಅಷ್ಟೇನೂ ಮಾತಾಡದ ಕಾಕಾ, ಪಿರ್ಗೊಸ್ ಎಂಬ ಹಳ್ಳಿಯ ಹತ್ತಿರದ ತೋಟದಲ್ಲಿ ಬಸ್ಸು ಇಳಿದವರೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. “ಫಾದರ್, ಇದು ಬಳ್ಳಿ ಅಲ್ರಿ, ಬುಟ್ಟಿ ಐತ್ರಿ!”

ಬುಟ್ಟಿಯೇ ಹೌದು. ಅಲ್ಲಿನವರು ಅದನ್ನು ‘ಕುಲೂರ’ ಎನ್ನುತ್ತಾರೆ. ಬೇಸಿಗೆಯಲ್ಲಿ ಆ ದ್ವೀಪದ ಮೇಲೆ ಉತ್ತರದ ಗಾಳಿ ರಭಸದಿಂದ ಬೀಸುತ್ತದೆ. ಜೊತೆಗೆ ಮರಳಿನಂಥ ಬೂದಿ ಹಾರಿ ಕಾಯಿಯನ್ನು ಉಜ್ಜಿಬಿಡುತ್ತದೆ. ಬಿಸಿಲಂತೂ ಕೇಳುವುದೇ ಬೇಡ. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಇದು. ಪ್ರತಿ ಚಳಿಗಾಲ ಗಿಡ ಸವರುವಾಗ ಉಳಿಸಿದ ಉದ್ದ ಕಡ್ಡಿಗಳನ್ನು ಒಂದರೊಳಗೊಂದು ಹೆಣೆದು ಸುತ್ತು ಹಾಕುತ್ತಾರೆ. ವರ್ಷ ವರ್ಷಕ್ಕೆ ಸುತ್ತು ಬೆಳೆಯುತ್ತದೆ. ಗಾಳಿ ಹೊರಗೇ ಉಳಿಯುತ್ತದೆ, ಎಲೆ ನೆರಳು ಕೊಡುತ್ತದೆ, ರಾತ್ರಿ ಸಮುದ್ರದಿಂದ ಬರುವ ಮಂಜಿನ ತೇವವೂ ಒಳಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಪ್ಪತ್ತೋ ಎಂಬತ್ತೋ ವರ್ಷಕ್ಕೆ ಬುಟ್ಟಿ ಮುದಿಯಾಗಿ ಇಳುವರಿ ಕುಗ್ಗಿದಾಗ ಅದನ್ನು ಕಡಿದು ಹಾಕಿ, ಅದೇ ಬೇರಿನಿಂದ ಹೊಸ ಚಿಗುರು ತೆಗೆದು ಮತ್ತೆ ಹೆಣೆಯಲು ಶುರು ಮಾಡುತ್ತಾರೆ. ಹೀಗಾಗಿ ಮೇಲಿನ ಬುಟ್ಟಿಗೆ ಅಜ್ಜನ ವಯಸ್ಸಾದರೆ, ಕೆಳಗಿನ ಬೇರಿಗೆ ಶತಮಾನಗಳ ವಯಸ್ಸು.

ಬೇರು ಅಷ್ಟು ಕಾಲ ಬದುಕಿದ್ದಕ್ಕೂ ಕಾರಣವಿದೆ. ಸುಮಾರು 3,600 ವರ್ಷಗಳ ಹಿಂದೆ ಈ ದ್ವೀಪದ ಜ್ವಾಲಾಮುಖಿ ಸಿಡಿಯಿತು. ನಡುವಿನ ನೆಲ ಕುಸಿದು ಕಡಲು ನುಗ್ಗಿತು. ಉಳಿದದ್ದು ಇಂದಿನ ಬಾಗಿದ ಅಂಚು. ಅದರ ಮೇಲೆಲ್ಲ ಬೂದಿ, ಲಾವಾ ಚೂರು, ಮತ್ತು ನಮ್ಮಲ್ಲಿ ಹಿಮ್ಮಡಿ ಉಜ್ಜಲು ಬಳಸುವಂಥ ತೂತು ತೂತಿನ ಹಗುರ ಕಲ್ಲು. ಈ ಮಣ್ಣನ್ನು ಅವರು ‘ಆಸ್ಪ’ ಎನ್ನುತ್ತಾರೆ. ಜೇಡಿಯ ಅಂಶ ಇಲ್ಲವೇ ಇಲ್ಲ ಎನ್ನಬಹುದು, ಗೊಬ್ಬರದ ಸತ್ವವೂ ಇಲ್ಲ. 1860ರ ದಶಕದಿಂದ ಅಮೆರಿಕೆಯಿಂದ ಬಂದ ಫಿಲೊಕ್ಸೆರಾ ಎಂಬ ಬೇರು ಹೀರುವ ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ನುಂಗಿ ಹಾಕಿತು. ಕೊನೆಗೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿಯೇ ಅವರು ಉಳಿದುಕೊಂಡರು. ಜೇಡಿಯಿಲ್ಲದ ಈ ಬೂದಿಯಲ್ಲಿ ಮಾತ್ರ ಆ ಹೇನಿಗೆ ಬದುಕಲಾಗಲಿಲ್ಲ. ಸಾಂಟೊರಿನಿಯ ಬಳ್ಳಿ ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿದೆ.

“ನಮ್ಮಲ್ಲಿ ಡಾಗ್ರಿಜ್ ಬೇರಿನ ಮ್ಯಾಲ ಕಸಿ ಕಟ್ತೀವ್ರಿ, ನೀರ ಕಮ್ಮಿ ಅಂತ. ಇಲ್ಲಿ ನೀರ ಎಲ್ಲೈತ್ರಿ?” ಎಂದು ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ವರ್ಷಕ್ಕೆ ಮಳೆ 300ರಿಂದ 400 ಮಿಲಿಮೀಟರು, ಅದೂ ಚಳಿಗಾಲದಲ್ಲಿ. ಮಡಕಶಿರಾ, ರಾಯದುರ್ಗದ ಲೆಕ್ಕದಲ್ಲೂ ಅದು ಕಡಿಮೆ. ಹೊಳೆಯಿಲ್ಲ. ಹಳೆಯ ತೋಟಗಳಿಗೆ ನೀರು ಹಾಯಿಸುವ ಪದ್ಧತಿಯೇ ಇಲ್ಲ. ತೂತುಗಲ್ಲು ಹೀರಿಕೊಂಡಿಟ್ಟ ತೇವವೇ ಗತಿ. ಇಳುವರಿ ಕೇಳಿದರೆ ಎಕರೆಗೆ ಒಂದು ಟನ್ನಿನ ಆಸುಪಾಸು ಬಂದದ್ದು ಒಳ್ಳೆಯ ವರ್ಷ. ಕಾಕಾ ತಲೆಯ ಮೇಲೆ ಕೈಯಿಟ್ಟುಕೊಂಡರು.

ಅಲ್ಲಿನ ಮುಖ್ಯ ತಳಿ ಅಸಿರ್ಟಿಕೊ, ಬಿಳಿ ದ್ರಾಕ್ಷಿ. ಎಷ್ಟು ಬಿಸಿಲು ಬಿದ್ದರೂ ಹುಳಿ ಬಿಡದ ಹಣ್ಣು ಅದು. ಅದರ ರಸ ಬಾಯಿಗೆ ಹಾಕಿದರೆ ಮೊದಲು ನಿಂಬೆ, ಆಮೇಲೆ ಕಲ್ಲು, ಕೊನೆಗೆ ಉಪ್ಪು. ‘ಉಪ್ಪಿನ ದ್ರಾಕ್ಷಾರಸವೇ?’ ಎಂದು ಮೂಗು ಮುರಿಯಬೇಡಿ. ಹುರಿದ ಮೀನಿನ ಜೊತೆ ಅದಕ್ಕಿಂತ ಚೆನ್ನಾಗಿ ಹೊಂದುವುದು ನಾವು ಕಂಡಿಲ್ಲ. ಇದರ ಜೊತೆಗೆ ಅಥೀರಿ, ಐಡಾನಿ ಎಂಬ ಬಿಳಿ ತಳಿಗಳು, ಮಾವ್ರೊತ್ರಾಗನೊ ಎಂಬ ಕೆಂಪು ತಳಿ. ‘ನಿಖ್ತೇರಿ’ ಎಂಬ ಒಂದು ಬಗೆಯೂ ಉಂಟು. ಆ ಹೆಸರು ರಾತ್ರಿ ಎಂಬ ಅರ್ಥದ ಮಾತಿನಿಂದ ಬಂದದ್ದು. ಹಗಲು ಕೊಯ್ದ ಹಣ್ಣನ್ನು ಬಿಸಿಲೇರುವ ಮೊದಲೇ ಮುಗಿಸಬೇಕೆಂದು ರಾತ್ರಿಯಿಡೀ ತುಳಿಯುತ್ತಿದ್ದರಂತೆ.

ನಾವು ಹೋದ ಮೊದಲ ವೈನರಿ ಒಂದು ಕುಟುಂಬದ್ದು. ಹೆಸರು ಬೇಡ. ಮುಂದಿನ ಬಾಗಿಲಿನಿಂದ ನೋಡಿದರೆ ಮನೆಯೇ. ಹಿಂದೆ ಬೂದಿಗುಡ್ಡವನ್ನೇ ಕೊರೆದು ಮಾಡಿದ ಗವಿ, ಅವರ ಭಾಷೆಯಲ್ಲಿ ‘ಕಾನಾವ’. ಹೊರಗೆ ಮೂವತ್ತೈದು ಡಿಗ್ರಿ ಇದ್ದರೂ ಒಳಗೆ ತಣ್ಣಗೆ. ಹಳೆಯ ತೊಟ್ಟಿ, ಕಪ್ಪಾದ ಮರದ ಪೀಪಾಯಿಗಳು, ಗೋಡೆಯಲ್ಲಿ ಒಂದು ಪುಟ್ಟ ಗೂಡು, ಅದರಲ್ಲಿ ಮಾತೆ ಮರಿಯಳ ಚಿತ್ರಪಟ ಮತ್ತು ಎಣ್ಣೆಯ ದೀಪ. ಆರ್ಥೊಡಾಕ್ಸ್ ಧರ್ಮಸಭೆಯಲ್ಲಿ ಆಗಸ್ಟ್ 6ರ ರೂಪಾಂತರದ ಹಬ್ಬದ ದಿನ ಹೊಸ ದ್ರಾಕ್ಷಿಯನ್ನು ಗುಡಿಗೆ ತಂದು ಆಶೀರ್ವದಿಸುವ ಪದ್ಧತಿಯಿದೆ. ನಾವು ಹೋದದ್ದು ಅದಾದ ವಾರಕ್ಕೆ. ಅಂಗಳದಲ್ಲಿ ಗೊಂಚಲುಗಳನ್ನು ಸಾಲಾಗಿ ಬಿಸಿಲಿಗೆ ಹರಡಿದ್ದರು.

ಇದು ‘ವಿನ್‌ಸಾಂಟೊ’ ಎಂಬ ಸಿಹಿ ದ್ರಾಕ್ಷಾರಸಕ್ಕೆ. ಕೊಯ್ದ ಹಣ್ಣನ್ನು ಸುಮಾರು ಎರಡು ವಾರ ಬಿಸಿಲಲ್ಲಿ ಬಾಡಿಸಿ, ಆಮೇಲೆ ಹಿಂಡಿ, ಕಡಿಮೆಯೆಂದರೆ ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಡುತ್ತಾರೆ. 1903ರಿಂದ ನಡೆದು ಬಂದಿರುವ ಆರ್ಗಿರೋಸ್ ಮನೆತನದವರು ಇಪ್ಪತ್ತು ವರ್ಷ ಇಟ್ಟದ್ದನ್ನೂ ಮಾರುತ್ತಾರೆ. ಬಣ್ಣ ಜೋನಿಬೆಲ್ಲದ್ದು, ರುಚಿ ಅಂಜೂರ, ಖರ್ಜೂರ, ಸ್ವಲ್ಪ ಕಾಫಿಯದ್ದು, ಆದರೂ ಹಿಂದಿನಿಂದ ಅದೇ ಹುಳಿ ಬಂದು ನಾಲಗೆಯನ್ನು ತೊಳೆಯುತ್ತದೆ. ಹಿಂಡುವ ಮೊದಲೇ ನೀರೆಲ್ಲ ಆರಿಹೋಗಿರುವುದರಿಂದ ಒಂದು ಬಾಟಲಿಗೆ ಮಾಮೂಲಿಗಿಂತ ಎಷ್ಟೋ ಪಟ್ಟು ಹಣ್ಣು ಬೇಕು. ಕಾಕಾ ಅಲ್ಲಿಯೂ ಬಿಡಲಿಲ್ಲ. “ಏನ್ ದ್ರಾವಣದಾಗ ಅದ್ದೀರಿ ಕೇಳ್ರಿ ಫಾದರ್. ನೆರಳಾಗ್ಯಾಕ ಒಣಗಸಂಗಿಲ್ಲ?” ನಮ್ಮ ಕಡೆ ಹಣ್ಣು ಬೇಗ ಒಣಗಲೆಂದು ಅದ್ದಿ ತೆಗೆದು, ಶೆಡ್ಡಿನ ನೆರಳಲ್ಲಿ ಹರಡುತ್ತಾರೆ. ನಾವು ಇಂಗ್ಲಿಷಿನಲ್ಲಿ ಕೇಳಿದೆವು, ಮನೆಯ ಸೊಸೆ ಗ್ರೀಕಿನಲ್ಲಿ ಮಾವನನ್ನು ಕೇಳಿದಳು. ಮಾವ ಆಕಾಶದ ಕಡೆ ಬೆರಳು ತೋರಿಸಿ ನಕ್ಕರು. ಯಾವುದರಲ್ಲೂ ಅದ್ದುವುದಿಲ್ಲ.

ವಿನ್‌ಸಾಂಟೊಗೂ ಬಲಿಪೂಜೆಗೂ ಹಳೆಯ ನಂಟು. ಬಲಿಪೀಠದ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದದ್ದಾಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು ಎಂಬುದು ನಮ್ಮ ಧರ್ಮಸಭೆಯ ಕಾನೂನು. ಸಕ್ಕರೆ, ಬಣ್ಣ, ಎಸೆನ್ಸು ನಡೆಯುವುದಿಲ್ಲ. ಬಿಸಿಲಲ್ಲಿ ಸಿಹಿಯೇರಿದ ಈ ರಸ ದೂರದ ಪ್ರಯಾಣದಲ್ಲೂ ಕೆಡದೆ ಉಳಿಯುತ್ತಿತ್ತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸಾಂಟೊರಿನಿಯ ಹಡಗುಗಳು ಇದನ್ನು ಕಪ್ಪು ಸಮುದ್ರ ದಾಟಿಸಿ ರಷ್ಯಕ್ಕೆ ಒಯ್ಯುತ್ತಿದ್ದವು. ಅಲ್ಲಿನ ಗುಡಿಗಳ ಪಾತ್ರೆಗಳಲ್ಲಿ ಇದೇ ಇರುತ್ತಿತ್ತು. 1917ರ ಕ್ರಾಂತಿಯಾಯಿತು, ಗುಡಿಗಳಿಗೆ ಬೀಗ ಬಿತ್ತು, ದ್ವೀಪದ ವ್ಯಾಪಾರವೂ ನಿಂತಿತು. ದ್ವೀಪಕ್ಕೆ ಸಂತ ಐರೀನಳ ಹೆಸರನ್ನು ಕೊಟ್ಟವರು ಲ್ಯಾಟಿನ್ ವಿಧಿಯವರು. ಹದಿಮೂರನೆಯ ಶತಮಾನದಲ್ಲಿ ವೆನಿಸ್‌ನವರ ಆಳ್ವಿಕೆಯೊಂದಿಗೆ ಬಂದವರು. ಫಿರಾ ಪಟ್ಟಣದಲ್ಲಿ ಇಂದಿಗೂ ಒಂದು ಕಥೋಲಿಕ ಪ್ರಧಾನಾಲಯವಿದೆ, 1596ರಲ್ಲಿ ಆರಂಭವಾದ ದೊಮಿನಿಕನ್ ಕನ್ಯಾಸ್ತ್ರೀಯರ ಮಠವಿದೆ.

ಇಷ್ಟು ಹೊತ್ತೂ ನಮ್ಮ ಗುಂಪಿನ ಒಬ್ಬರು ಗವಿಯೊಳಗೆ ಬಂದಿರಲಿಲ್ಲ. ಹೊಸೂರಿನ ಕಡೆಯ ಅಮ್ಮ, ಅರವತ್ತರ ಮೇಲಿನ ವಯಸ್ಸು. “ಸ್ವಾಮಿ, ನಾನು ಒಳಗೆ ಬರಲ್ಲ. ನೀವು ಹೋಗ್ಬನ್ನಿ” ಎಂದಷ್ಟೇ ಹೇಳಿ ಅಂಗಳದಲ್ಲಿ ಕೂತರು. ಕಾರಣ ನಮಗೆ ಗೊತ್ತಿತ್ತು. ಗಂಡ, ಆಮೇಲೆ ದೊಡ್ಡ ಮಗ, ಇಬ್ಬರನ್ನೂ ಕುಡಿತ ತೆಗೆದುಕೊಂಡು ಹೋಗಿದೆ. ಆ ಮನೆಯಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ಹೇಳಿದವರು ನಾವೇ. ಅವರೆದುರು ‘ವೈನ್ ಒಂದು ಸಂಸ್ಕೃತಿ’ ಎಂಬ ಭಾಷಣ ಮಾಡುವ ಧೈರ್ಯ ನಮಗಿಲ್ಲ, ಮಾಡಲೂ ಬಾರದು. ಒಂದು ಬೆರಳೆತ್ತರ ಸುರಿದು, ಮೂಸಿ, ಅರ್ಧ ಉಳಿಸಿ ಏಳುವ ಲೋಟ ಬೇರೆ. ಸಂಬಳದ ದಿನ ಬಾಗಿಲು ತಳ್ಳಿಕೊಂಡು ಮನೆಗೆ ಬರುವ ಲೋಟ ಬೇರೆ. ಎರಡರಲ್ಲಿಯೂ ಇರುವ ವಸ್ತು ಮಾತ್ರ ಒಂದೇ ಎಂಬುದು ಆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾವು ಹೊರಗೆ ಬಂದಾಗ ಅವರು ಸುಮ್ಮನೆ ಕೂತಿರಲಿಲ್ಲ. ಆ ಮನೆಯ ಅಜ್ಜಿ ಗೊಂಚಲು ಮಗುಚಿ ಹಾಕುತ್ತಿದ್ದರು, ಇವರೂ ಜೊತೆಗೆ ಕೂತು ಮಗುಚುತ್ತಿದ್ದರು. ಕೊಳೆತ ಕಾಳು ಕಂಡರೆ ಚಿವುಟಿ ಆಚೆ ಹಾಕುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಬಸ್ಸು ಹತ್ತುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಆ ಅಜ್ಜಿ ಆದ್ಮೇಲೆ ಇದನ್ನ ಯಾರು ಮಾಡ್ತಾರೆ ಸ್ವಾಮಿ?”

ಆ ಪ್ರಶ್ನೆ ಹಿಡಿದುಕೊಂಡೇ ನಾವು ಮುಂದಿನ ಜಾಗಗಳನ್ನು ನೋಡಿದೆವು. ನಿಜ ಹೇಳಬೇಕೆಂದರೆ ಆ ದ್ವೀಪದಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಸ್ವಲ್ಪ ಹಿಂದಿನ ಕಥೆ. 1956ರ ಜುಲೈ 9ರಂದು ದೊಡ್ಡ ಭೂಕಂಪವಾಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಹಳ್ಳಿಗಳು ನೆಲಸಮವಾದವು, ಬಹಳ ಮಂದಿ ಅಥೆನ್ಸಿಗೆ ಗುಳೆ ಹೋದರು. ಉಳಿದವರು ದ್ರಾಕ್ಷಿ ಬೆಳೆದು 1947ರಲ್ಲಿ ಹುಟ್ಟಿದ ಸಹಕಾರ ಸಂಘಕ್ಕೆ ಹಾಕುತ್ತಿದ್ದರು. ಇಂದು ಅದರ ಹೆಸರು ಸಾಂಟೊ ವೈನ್ಸ್. ಹಣ್ಣಿಗೆ ಒಳ್ಳೆಯ ಬೆಲೆ ಇರಲಿಲ್ಲ. ಆಮೇಲೆ 1989ರಲ್ಲಿ ಬುಟಾರಿ ಎಂಬ ದೊಡ್ಡ ಕಂಪನಿ ಮೆಗಲೊಹೋರಿಯಲ್ಲಿ ಆಧುನಿಕ ವೈನರಿ ತೆರೆಯಿತು. ಅದರ ಬೆನ್ನಿಗೆ ಸಣ್ಣವರು ಬಂದರು. ಪಾರಿಸ್ ಸಿಗಾಲಾಸ್ ಎಂಬ ಗಣಿತದ ಮೇಷ್ಟ್ರು 1991ರಲ್ಲಿ ಒಯಾದ ಹತ್ತಿರ ತಮ್ಮದೇ ವೈನರಿ ಕಟ್ಟಿದರು. 1994ರಲ್ಲಿ ಗಾಯಾದವರು ಕಡಲಂಚಿನ ಹಳೆಯ ಟೊಮೆಟೊ ಕಾರ್ಖಾನೆಯೊಂದನ್ನು ಹಿಡಿದರು. ಕ್ರೀಟ್ ದ್ವೀಪದಿಂದ ಬಂದ ಹರಿದಿಮೋಸ್ ಹಟ್ಜಿದಾಕಿಸ್ ಎಂಬ ಕೃಷಿತಜ್ಞ ರಾಸಾಯನಿಕವಿಲ್ಲದೆ ಬೆಳೆದು, ಗವಿಯೊಂದರಲ್ಲಿ ತಯಾರಿಸಿ ಹೆಸರಾದರು. ಅವರು 2017ರಲ್ಲಿ ತೀರಿಕೊಂಡರು, ಕುಟುಂಬ ಮುಂದುವರಿಸುತ್ತಿದೆ. ಇವರೆಲ್ಲರಿಂದ ಆದ ದೊಡ್ಡ ಉಪಕಾರವೆಂದರೆ ಹಣ್ಣಿನ ಬೆಲೆ ಏರಿದ್ದು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅದು ಹಲವು ಪಟ್ಟಾಗಿದೆ. ಬುಟ್ಟಿ ಹೆಣೆಯುವವನಿಗೆ ಕೂಲಿ ಸಿಗದೆ ಬುಟ್ಟಿ ಉಳಿಯುವುದು ಸಾಧ್ಯವಿಲ್ಲವಷ್ಟೆ.

ಗಾಯಾದವರು 2009ರಿಂದ ಕೆಲವು ಬಾಟಲಿಗಳನ್ನು ಕಡಲ ತಳಕ್ಕೆ ಇಳಿಸಿ ಐದು ವರ್ಷ ಬಿಟ್ಟು ತೆಗೆಯುವ ಪ್ರಯೋಗ ಮಾಡುತ್ತಿದ್ದಾರೆ. ಚಿಪ್ಪು ಕಚ್ಚಿಕೊಂಡ ಆ ಬಾಟಲಿಯ ಬೆಲೆ ಕೇಳಿದ ಕಾಕಾ, “ನಮ್ಮ ಬಾವ್ಯಾಗೂ ಒಂದೀಟ ಇಳಸೂಣೇನ್ರಿ?” ಎಂದರು. ಇಡೀ ಬಸ್ಸು ನಕ್ಕಿತು.

ಬಿಯರಿನ ಕಥೆಯನ್ನೂ ಹೇಳಿಬಿಡುತ್ತೇವೆ. 2011ರಲ್ಲಿ ಮೆಸಾ ಗೊನಿಯಾ ಎಂಬಲ್ಲಿ ಸಾಂಟೊರಿನಿ ಬ್ರೂಯಿಂಗ್ ಕಂಪನಿ ಎಂಬ ಪುಟ್ಟ ಬಿಯರ್ ಮನೆ ಶುರುವಾಯಿತು. ಹಳದಿ ಕತ್ತೆ, ಕೆಂಪು ಕತ್ತೆ, ಹುಚ್ಚು ಕತ್ತೆ, ಇವು ಅವರ ಬಿಯರುಗಳ ಹೆಸರು! ಬಂದರಿನಿಂದ ಊರಿಗೆ ಸುಮಾರು ಆರುನೂರು ಮೆಟ್ಟಿಲು, ಹಿಂದೆ ದ್ರಾಕ್ಷಿಯನ್ನೂ ಜನರನ್ನೂ ಹೊತ್ತದ್ದು ಕತ್ತೆಯೇ. (ದಪ್ಪ ಪ್ರವಾಸಿಗಳನ್ನು ಹೊತ್ತು ಅವು ಬಸವಳಿದಾಗ, ನೂರು ಕಿಲೋಗಿಂತ ಹೆಚ್ಚು ಹೊರಿಸಬಾರದೆಂದು ಗ್ರೀಸ್ ಸರ್ಕಾರ 2018ರಲ್ಲಿ ನಿಯಮ ಮಾಡಿತು.) ಜಾಗ ಚೊಕ್ಕಟ, ಹುಡುಗರು ಮಾತುಗಾರರು, ಕತ್ತೆಯ ಚಿತ್ರದ ಅಂಗಿ ಚೆನ್ನಾಗಿ ಮಾರಾಟವಾಗುತ್ತದೆ. ಆದರೆ ಬಿಯರಿಗೆ ಬೇಕಾದ ಹಾಪ್ಸ್ ಆ ಒಣ ನೆಲದಲ್ಲಿ ಬೆಳೆಯುವಂಥದ್ದಲ್ಲ. ಹಡಗಿನಲ್ಲಿ ಬರಬೇಕು. ಬಿಯರನ್ನು ಎಲ್ಲಿಯಾದರೂ ಮಾಡಬಹುದು, ಹೆಸರು ಮಾತ್ರ ದ್ವೀಪದ್ದು. ದ್ರಾಕ್ಷಾರಸ ಹಾಗಲ್ಲ. ಅದಕ್ಕಿಂತ ಹಿಂಡಿ ಉಳಿದ ದ್ರಾಕ್ಷಿ ಸಿಪ್ಪೆಯಿಂದ ಶರತ್ಕಾಲದಲ್ಲಿ ಇಳಿಸುವ ‘ತ್ಸಿಕೂಡ್ಯಾ’ ಎಂಬ ಭಟ್ಟಿಯೇ ಆ ಮಣ್ಣಿಗೆ ಹತ್ತಿರ. ಒಂದು ಹನಿ ನಾಲಗೆಗೆ ತಾಗಿಸಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಸಾಕು ಎಂದೆವು.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಇಡೀ ದ್ವೀಪ 76 ಚದರ ಕಿಲೋಮೀಟರು. ವಾಸಿಸುವವರು ಹದಿನೈದು ಸಾವಿರದ ಚಿಲ್ಲರೆ. 2023ರಲ್ಲಿ ಬಂದ ಪ್ರವಾಸಿಗಳು ಸುಮಾರು 34 ಲಕ್ಷ! ಇಂಥ ಕಡೆ ಒಂದು ಎಕರೆ ಬೂದಿಮಣ್ಣು ದ್ರಾಕ್ಷಿಗೆ ಏನು ಕೊಟ್ಟೀತು, ಈಜುಕೊಳವಿರುವ ನಾಲ್ಕು ಕೋಣೆಗೆ ಏನು ಕೊಟ್ಟೀತು? ನೂರು ವರ್ಷದ ಹಿಂದೆ ಇದ್ದ ತೋಟಗಳಲ್ಲಿ ಬಹುಪಾಲು ಈಗಿಲ್ಲ. ಉಳಿದದ್ದರ ಮೇಲೂ 2023 ಮತ್ತು 2024ರ ಬರ, ಬಿಸಿಗಾಳಿ ಬಿದ್ದು ಇಳುವರಿ ನೆಲಕಚ್ಚಿತು. ಬುಟ್ಟಿ ಹೆಣೆಯುವುದಕ್ಕೆ ಯಂತ್ರವಿಲ್ಲ. ಚಳಿಗಾಲದ ಗಾಳಿಯಲ್ಲಿ ಮಂಡಿಯೂರಿ, ಒಂದೊಂದೇ ಕಡ್ಡಿ ಬಗ್ಗಿಸಬೇಕು. ಅದೇ ಹುಡುಗ ಹೋಟೆಲಿನಲ್ಲಿ ಸೂಟ್‌ಕೇಸು ಎತ್ತಿದರೆ ಬೇಸಿಗೆಯ ಆರು ತಿಂಗಳಲ್ಲಿ ವರ್ಷದ ಸಂಪಾದನೆ. ಯಾರು ಹೆಣೆದಾರು?

ಹೊಸ ತೋಟಗಳಲ್ಲಿ ಕೆಲವರು ತಂತಿ ಕಟ್ಟಿ ಸಾಲು ಮಾಡುತ್ತಿದ್ದಾರೆ, ಹನಿ ನೀರಾವರಿಯನ್ನೂ ಹಾಕುತ್ತಿದ್ದಾರೆ. ಕಾಕಾ ಅದೇ ಸರಿ ಎಂದರು. “ಚಂದ ನೋಡ್ಕೋತ ಕುಂದ್ರಾಕ ಅವ್ರಿಗೇನ್ ಹೊಟ್ಟಿ ಇಲ್ಲೇನ್ರಿ ಫಾದರ್? ಟ್ರ್ಯಾಕ್ಟರ್ ಹೋಗಬೇಕ್ರಿ.” ರೈತನ ಮಾತು, ತೂಕವಿದೆ. ಆದರೂ ನಮಗೆ ಅನ್ನಿಸುವುದು ಬೇರೆ. ಆ ಗಾಳಿಗೆ ಬಗ್ಗುವ ಉಪಾಯವನ್ನು ಮೂರು ಸಾವಿರ ವರ್ಷ ಪರೀಕ್ಷಿಸಿ ಬಿಟ್ಟುಹೋಗಿದ್ದಾರೆ. ಬೆಲೆ ಕೊಡುವವರು ಇರುವತನಕ ಅದನ್ನು ಕಡಿಯುವ ಅವಸರ ಬೇಡ. ಮತ್ತು ಬೆಲೆ ಕೊಡಬೇಕಾದವರು ಪ್ರವಾಸಿಗಳೇ. ಸೂರ್ಯಾಸ್ತಕ್ಕೆ ಎದುರಾಗಿರುವ ದೊಡ್ಡ ಜಗಲಿಗಳಲ್ಲಿ ಲೋಟ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದ ನೂರಾರು ಜನರಲ್ಲಿ ಹಿಂತಿರುಗಿ ತೋಟ ನೋಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಳ್ಳಿಗೆ ಬೆನ್ನು, ಕಡಲಿಗೆ ಮುಖ!

ನಿಮ್ಮಲ್ಲಿ ಯಾರಾದರೂ ಹೋಗುವವರಿದ್ದರೆ ಒಂದೆರಡು ಮಾತು. ಕೊಯ್ಲು ಆಗಸ್ಟ್‌ನಲ್ಲಿ, ಆದರೆ ಜನಜಂಗುಳಿಯೂ ಆಗಲೇ. ಅಕ್ಟೋಬರ್ ಮೇಲು. ಸಣ್ಣ ವೈನರಿಗಳಿಗೆ ಮೊದಲೇ ಹೇಳಿ ಹೋಗಬೇಕು, ದಿನಕ್ಕೆ ಎರಡೇ ಸಾಕು. ಲೋಟಕ್ಕೆ ಮೊದಲು ತೋಟ ತೋರಿಸಿ ಎಂದು ಕೇಳಿ. ತೋರಿಸಿದವರಲ್ಲಿ ಬಾಟಲಿ ಕೊಳ್ಳಿ. ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಬಳಸಲು ನಾಚಬೇಡಿ, ಅದು ಅಲ್ಲಿನ ಮರ್ಯಾದೆಯೇ. ಮುಟ್ಟುವುದಿಲ್ಲ ಎನ್ನುವವರನ್ನು ಯಾರೂ ಒತ್ತಾಯಿಸುವುದಿಲ್ಲ. ನಾವು ಕಂಡ ಮನೆಯಲ್ಲಂತೂ ಅಂಥವರಿಗೆ ಹಣ್ಣನ್ನೇ ತಟ್ಟೆಯಲ್ಲಿ ಇಟ್ಟು ಕೊಟ್ಟರು.

ನಾವು ಬಂದ ಮೇಲೆ, 2025ರ ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ ದ್ವೀಪದ ಸುತ್ತ ಸಾವಿರಾರು ಸಣ್ಣ ಭೂಕಂಪಗಳಾದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹಿಡಿದು ಹೊರಟುಹೋದರು, ಶಾಲೆ ಮುಚ್ಚಿದರು. ಅದು ಗಿಡ ಸವರುವ, ಬುಟ್ಟಿ ಹೆಣೆಯುವ ಕಾಲ. ಕಾಕಾ ನಮಗೆ ಫೋನ್ ಮಾಡಿ, ಆ ಮನೆಯ ಸೊಸೆಗೆ ಬರೆದು ವಿಚಾರಿಸಿ ಎಂದರು. ಬರೆದೆವು. ಹತ್ತು ದಿನದ ಮೇಲೆ ಒಂದು ಫೋಟೊ ಬಂತು. ಅತ್ತೆಯನ್ನು ಅಥೆನ್ಸಿನ ಮಗಳ ಮನೆಗೆ ಕಳಿಸಿದ್ದಾರೆ, ಮಾವ ಹೋಗಲು ಒಪ್ಪಲಿಲ್ಲ ಎಂದು ಕೆಳಗೆ ಬರೆದಿದ್ದಳು. ಫೋಟೊದಲ್ಲಿ ಮಾವನ ಬೆನ್ನು ಮಾತ್ರ ಕಾಣುತ್ತಿತ್ತು, ಮುಂದೆ ಅರ್ಧ ಹೆಣೆದ ಬುಟ್ಟಿ. ಅದನ್ನು ಹೊಸೂರಿನ ಅಮ್ಮನಿಗೆ ಕಳಿಸಿದೆವು, ಕಾಕಾಗೂ ಕಳಿಸಿದೆವು. ಅಮ್ಮ ಅಜ್ಜಿಯ ಬಗ್ಗೆ ಕೇಳಿದರು. ಕಾಕಾ ಫೋಟೊವನ್ನು ದೊಡ್ಡದು ಮಾಡಿ ನೋಡಿರಬೇಕು. “ನಾಕ ಕಡ್ಡಿ ಉಳಿಸ್ಯಾನ್ರಿ, ಭಾಳ ಗಿಡ್ಡ ಸವರ್ಯಾನ. ಈ ವರ್ಷ ಕಿಲೋಕ್ಕ ಎಷ್ಟ್ ಕೊಟ್ರು ಅಂತ ಕೇಳಿ ಹೇಳ್ರಿ ಫಾದರ್.”